ಹಗಲುವೇಷದ ಹುಳಿಮಣಿ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದ ಕತೆ. ಹೇಳುತ್ತಿರುವ ನಾನು ಮಾತ್ರ ಕಸುಬಿನಿಂದ ಸುಳ್ಳುಗಾರ. ಇನ್ನೊಬ್ಬನ ಅಂಗಿ ತೊಟ್ಟು, ಇನ್ನೊಬ್ಬನಂತೆ ನಟಿಸಿ, ಕಾವಲುಗಾರರನ್ನು ಬೆಚ್ಚಿಬೀಳಿಸುವುದಕ್ಕೆಂದೇ ನನ್ನನ್ನು ಮಾಡಿದರು. ಆದರೂ ನಂಬಿ. ಬಾಳಿನಲ್ಲಿ ಒಂದೇ ಸಲ ವೇಷ ಕಳಚಿ ಮಾತಾಡುತ್ತಿದ್ದೇನೆ, ಅದೂ ಪೂರ್ತಿ ಕರಗಿಹೋದ ಮೇಲೆ.

ನಾನು ಒಂದು ಮಣಿ. ಕೊರಳಿಗೆ ಕಟ್ಟುವಂಥದಲ್ಲ, ಕಣ್ಣಿಗೆ ಕಾಣುವಂಥದೂ ಅಲ್ಲ. ನಿಮ್ಮ ತಲೆಯ ಒಂದು ಕೂದಲಿನ ಅಗಲದಲ್ಲಿ ನನ್ನಂಥ ನಾಲ್ಕುನೂರು ಮಂದಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದು. (ತಲೆ ಬೋಳಾಗಿದ್ದವರು ಪಕ್ಕದವರದು ಕೇಳಿ ನೋಡಿ.) ಓದಿದವರು ನನ್ನನ್ನು ನ್ಯಾನೋ ಕಣ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ‘ನಾನೋ?’ ಎಂದು ಹಿಂದೆ ತಿರುಗಿ ನೋಡಿದ್ದೆ. ನನ್ನ ಹಿಂದೆ ಕೋಟಿಗಟ್ಟಲೆ ಜನ ಹಾಗೆಯೇ ಹಿಂದೆ ತಿರುಗಿ ನೋಡುತ್ತಿದ್ದರು.

ನನ್ನ ಮೈ ಹುಳಿಯದು. ಮೊಸರನ್ನು ಹುಳಿ ಮಾಡುವ ಆಮ್ಲವಿದೆಯಲ್ಲ, ಅದರ ತುಣುಕುಗಳನ್ನು ಅದರ ತಮ್ಮನಂಥ ಇನ್ನೊಂದು ಆಮ್ಲದ ತುಣುಕುಗಳ ಜತೆ ಸರದಂತೆ ಪೋಣಿಸಿ, ಆ ಸರವನ್ನು ಉಂಡೆ ಕಟ್ಟಿದರೆ ನಾನು. ನೀರಿನಲ್ಲಿ ಬಿಟ್ಟರೆ ವಾರಗಟ್ಟಲೆ ಕಾಲ ಒಂದೊಂದೇ ಕೊಂಡಿ ಕಳಚಿಕೊಂಡು ಮತ್ತೆ ಹುಳಿಯಾಗುತ್ತೇನೆ. ಕಬ್ಬಿಣದ ತುಂಡಾಗಿದ್ದರೆ ತುಕ್ಕು ಹಿಡಿದಾದರೂ ಗುಜರಿಯಲ್ಲಿ ಉಳಿಯುತ್ತಿದ್ದೆ. ನನ್ನ ಮಟ್ಟಿಗೆ ಉಳಿಯದೇ ಹೋಗುವುದೇ ಯೋಗ್ಯತೆ. ಕೆಲಸ ಮುಗಿಸಿ ಗುರುತಿಲ್ಲದಂತೆ ಕರಗಬೇಕು ಎಂದು ಹುಟ್ಟುವ ಮೊದಲೇ ನನ್ನ ಸಾವನ್ನು ಬರೆದಿಟ್ಟಿದ್ದರು.

ಬರೆದವರು ವನಮಾಲಾ ಮೇಡಂ. ಮೈಸೂರಿನ ಹೊರಗಿನ ಒಂದು ಪ್ರಯೋಗಶಾಲೆಯಲ್ಲಿ, ಎಣ್ಣೆಯಂಥ ದ್ರವವನ್ನೂ ನೀರನ್ನೂ ಒಂದೇ ಬೀಕರಿಗೆ ಸುರಿದು, ಕಿವಿಗೆ ಕೇಳದ ಕೀರಲು ಶಬ್ದದಿಂದ ಕುಲುಕಿ, ನಮ್ಮನ್ನು ಹುಟ್ಟಿಸಿದರು. ಕನ್ನಡಕ ಮೂಗಿನ ತುದಿಗೆ ಜಾರಿದ್ದ, ಮಧ್ಯಾಹ್ನದ ಡಬ್ಬಿಯನ್ನು ಸಂಜೆ ಹಾಗೆಯೇ ಮನೆಗೆ ಒಯ್ಯುವ ಹೆಂಗಸು. ನಮಗಿಂತ ಹಿಂದೆ ಇಪ್ಪತ್ತೆರಡು ತಂಡಗಳು ಹುಟ್ಟಿ ಮೋರಿ ಸೇರಿದ್ದವು. ಕೆಲವು ಗಂಟುಗಟ್ಟಿದವು, ಕೆಲವು ಬೇಗ ಕರಗಿದವು, ಕೆಲವು ಇಲಿಗಳ ಮೈಯಲ್ಲಿ ಏನೂ ಮಾಡದೆ ಸುಮ್ಮನೆ ಕೂತವು.

“ನೋಡ್ರಪ್ಪಾ, ನೀವೇ ಕೊನೆಯವರು,” ಎಂದರು ಬೀಕರಿನ ಮೇಲೆ ಬಗ್ಗಿ. “ನೀವೂ ಕೈಕೊಟ್ರೆ ನಾನು ಈ ಬಾಗಿಲು ಹಾಕ್ಕೊಂಡು ಹೋಗೋದೇ.”

ಮಕ್ಕಳಿಗೆ ಹುಟ್ಟಿದ ದಿನವೇ ಹೇಳುವ ಮಾತೇ ಅದು? ಆದರೆ ನಮ್ಮ ಕೆಲಸ ಏನೆಂದು ತಿಳಿದಾಗ ಅವರ ಮುಖ ಯಾಕೆ ಹಾಗಿತ್ತೆಂದು ಅರ್ಥವಾಯಿತು. ಎದೆಯಲ್ಲಿ ಕಫ ಕಟ್ಟಿಸಿ, ಉಸಿರು ಸಿಗದಂತೆ ಮಾಡಿ ವಯಸ್ಸಾದವರನ್ನು ಒಯ್ಯುವ ಒಂದು ರೋಗಾಣುವಿದೆ. ಅದಕ್ಕೆ ಲಸಿಕೆಯೂ ಇದೆ. ಹರೆಯದವರಿಗೆ ಅದು ಸಾಕು. ಮುದುಕರ ಮೈಯಲ್ಲಿರುವ ಕಾವಲು ಕೋಶಗಳು ಮಾತ್ರ ನಿವೃತ್ತಿಗೆ ಬಂದ ಪೇದೆಗಳ ಹಾಗೆ. ಲಸಿಕೆ ಬಂದು ಎದುರು ನಿಂತರೂ ‘ಹ್ಞೂಂ, ನಾಳೆ ಬಾ’ ಎಂದು ಮಗ್ಗುಲು ಬದಲಿಸುತ್ತವೆ. ಅವನ್ನು ಎಬ್ಬಿಸಬೇಕು. ಅದಕ್ಕೇ ಮೇಡಂ ನನ್ನ ಮೈಮೇಲೆ ಆ ರೋಗಾಣುವಿನ ಅಂಗಿಯ ಚೂರುಗಳನ್ನು ಹೊಲಿದರು. ಒಳಗೆ, ಹೊಟ್ಟೆಯಲ್ಲಿ, ಬೆಂಕಿ ಬಿತ್ತೆಂದು ಕೂಗುವ ಗಂಟೆಯಂಥ ಒಂದು ಮದ್ದು ಇಟ್ಟರು. ಹೊರಗಿನಿಂದ ನೋಡಿದರೆ ರೋಗ, ಬಿಚ್ಚಿ ನೋಡಿದರೆ ಮೊಸರಿನ ಹುಳಿ. ರೋಗಾಣುವಿನ ಅಂಗಿಯುಂಟು, ಒಳಗೆ ರೋಗಾಣುವಿಲ್ಲ.

ಆಮೇಲೆ ಸಕ್ಕರೆಯ ಜತೆ ಹೆಪ್ಪುಗಟ್ಟಿಸಿ, ಒಣಗಿಸಿ, ಬಿಳಿ ಪುಡಿ ಮಾಡಿ ಪುಟ್ಟ ಗಾಜಿನ ಬಾಟಲಿಗಳಲ್ಲಿ ಮುಚ್ಚಿದರು. ಕೆಲವು ಬಾಟಲಿಗಳು ಮತ್ತೆ ಇಲಿಗಳಿಗೆ ಹೋದವು, ಮೊಲಗಳಿಗೆ ಹೋದವು. ಹೋದವರು ಯಾರೂ ತಿರುಗಿ ಬಂದು ಸುದ್ದಿ ಹೇಳಲಿಲ್ಲ. ಮೇಡಂ ಒಂದು ದಿನ ಊಟದ ಡಬ್ಬಿ ಬಿಚ್ಚಿ ಪೂರ್ತಿ ಉಂಡರು. ಅದರಿಂದಲೇ ನಾವು ತಿಳಿದುಕೊಂಡದ್ದು, ಮುಂದಿನ ಸರದಿ ಮನುಷ್ಯರದು ಎಂದು.

ಐಸ್ ಪೆಟ್ಟಿಗೆಯಲ್ಲಿ ಕೂತು ಬಳ್ಳಾರಿಗೆ ಬಂದೆವು. ಹೊರಗೆ ಬಂಡೆಗಳೇ ಬೆವರುವಂಥ ಬಿಸಿಲು, ಒಳಗೆ ನಮಗೆ ನಡುಕ. ಅಲ್ಲಿನ ಒಂದು ಆಸ್ಪತ್ರೆಯ ಮೂಲೆಕೋಣೆಯಲ್ಲಿ ಗಾಜಿನ ಬಾಗಿಲಿನ ಫ್ರಿಜ್ಜು ನಮ್ಮ ಮನೆಯಾಯಿತು. ಅರವತ್ತೈದು ದಾಟಿದ ಇಪ್ಪತ್ತನಾಲ್ಕು ಜನ ತಾವಾಗಿ ಮುಂದೆ ಬಂದು ನಮ್ಮನ್ನು ಚುಚ್ಚಿಸಿಕೊಳ್ಳಬೇಕಿತ್ತು. ಒಬ್ಬೊಬ್ಬರನ್ನೇ ಕೂರಿಸಿ, ಹನ್ನೆರಡು ಪುಟದ ಒಪ್ಪಿಗೆ ಪತ್ರ ಓದಿ ಹೇಳಿ, ಅರ್ಥವಾಯಿತೆಂದು ಅವರ ಬಾಯಿಂದಲೇ ಹೇಳಿಸಿ, ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುವುದು ದಿಲ್‌ಶಾದ್ ಸಿಸ್ಟರ್ ಕೆಲಸ. ಆಕೆ ಅದೇ ಊರಿನ ಕೌಲ್ ಬಜಾರಿನವಳು. ಮಾತು ಚುರುಕು, ಸೂಜಿ ಅದಕ್ಕಿಂತ ಚುರುಕು.

ಹದಿನೇಳನೆಯವನಾಗಿ ಬಂದವನು ಜಂಬಣ್ಣ. ಅರವತ್ತೊಂಬತ್ತು ವರ್ಷ, ನೇರ ಬೆನ್ನು, ಉದ್ದ ಮುಖ. ಆ ಮುಖದಲ್ಲಿ ಏನೂ ಇರಲಿಲ್ಲ. ಒರೆಸಿಟ್ಟ ಸ್ಲೇಟಿನಂತಿತ್ತು. ಆದರೆ ಸಿಸ್ಟರ್ ಹೆಸರು ಬರೆದುಕೊಳ್ಳುತ್ತ ಪೆನ್ನು ಎತ್ತಿದಳು.

“ವೇಷಗಾರ ಜಂಬಣ್ಣ ಅಂದ್ರ ನೀವ ಏನ್ರಿ ಕಾಕಾ? ನಮ್ಮ ಓಣಿಗೆ ಬರ್ತಿದ್ರಲ್ಲ! ಪೊಲೀಸ್ ಆಗಿ ಬಂದು ನಮ್ಮ ಅಬ್ಬಾನ ಸೈಕಲ್‌ಗೆ ಲೈಟಿಲ್ಲ ಅಂತ ಬೈದಿದ್ರಿ. ಅಬ್ಬಾ ಖರೇನ ಹೆದರಿ ಒಳಗ ಓಡಿದ್ರು.”

“ಬಂದಿದ್ದೆ ಬಿಡು ತಾಯಿ.”

“ಆ ಡಾಕ್ಟರ್ ಆಟ ಇತ್ತಲ್ರಿ, ನೀವು ಡಾಕ್ಟರ್, ಇನ್ನೊಬ್ರು ಹೆಂಡ್ತಿ? ನಾನು ನಮ್ಮ ಅಜ್ಜಿ, ನಾನಿಯ ಹಿಂದ ಪರದೆ ಹಿಡ್ಕೊಂಡು ನೋಡೀನಿ. ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡಿದ್ದೆ. ಒಂದೀಟು ಮಾಡಿ ತೋರಸ್ರಿ.”

“ಹೆಂಡ್ತಿ ಹೋಗ್ಯಾಳ. ಹೆಂಡ್ತಿ ಇಲ್ಲದ ಆಟ ಎಲ್ಲೈತಿ?”

ಸಿಸ್ಟರ್ ನಾಲಿಗೆ ಕಚ್ಚಿಕೊಂಡಳು. ಹೋದದ್ದು ಹೆಂಡತಿಯಲ್ಲ, ಹೆಂಡತಿಯ ವೇಷ ಹಾಕುತ್ತಿದ್ದ ದುರುಗಪ್ಪ ಎಂದು ಆಮೇಲೆ ತಿಳಿಯಿತು. ನಲವತ್ತು ವರ್ಷ ಜತೆಯಾಗಿ ಊರೂರು ತಿರುಗಿದವರು. ಹನ್ನೊಂದು ತಿಂಗಳ ಹಿಂದೆ ಅವನ ಎದೆಗೆ ಕಫ ಕಟ್ಟಿತ್ತು. ನಾನು ತೊಟ್ಟಿದ್ದ ಅಂಗಿಯ ಒಡೆಯನೇ ಆ ಕೆಲಸ ಮಾಡಿದವನು. ಗಾಜಿನ ಹಿಂದೆ ಕೂತು ಅದನ್ನು ಕೇಳಿದಾಗ ಮೊದಲ ಸಲ ನನ್ನ ಅಂಗಿ ನನಗೇ ಹೇಸಿಕೆಯಾಯಿತು.

ಓದುವ ಕೆಲಸ ಶುರುವಾಯಿತು. ಕರಗುವ ಕಣ, ಅದರ ಮೇಲಿನ ರೋಗಾಣುವಿನ ಹೊದಿಕೆ, ಒಳಗಿನ ಮದ್ದು, ಬರಬಹುದಾದ ಜ್ವರ, ಯಾವಾಗ ಬೇಕಾದರೂ ಬಿಟ್ಟು ಹೋಗುವ ಹಕ್ಕು. ಹನ್ನೆರಡು ಪುಟ. ಉಳಿದ ಮುದುಕರು ತೂಕಡಿಸಿದ್ದರು, ಮಧ್ಯೆ ಚಹಾ ಕೇಳಿದ್ದರು. ಜಂಬಣ್ಣ ಹಾಗಲ್ಲ. ಹುಬ್ಬು ಗಂಟಿಕ್ಕಬೇಕಾದಲ್ಲಿ ಗಂಟಿಕ್ಕಿದ. ತಲೆದೂಗಬೇಕಾದಲ್ಲಿ ದೂಗಿದ. ಒಂದೆಡೆ ಬೆರಳೆತ್ತಿ, “ಅಂದ್ರ, ಕರಗತೈತಿ ಅಂದಂಗಾತು,” ಎಂದ. ಸಿಸ್ಟರ್‌ಗೆ ಖುಷಿಯೋ ಖುಷಿ.

“ಎಲ್ಲಾ ಅರ್ಥ ಆತೇನ್ರಿ ಕಾಕಾ?”

“ಆತು ತಾಯಿ. ಬಿಡಿಸಿ ಬಿಡಿಸಿ ಹೇಳಿದ್ರಿ.”

ಆ ವಿಡಿಯೋವನ್ನು ಉಳಿದ ಆಸ್ಪತ್ರೆಗಳಿಗೂ ಮಾದರಿ ಎಂದು ತೋರಿಸಿದರಂತೆ. ನನಗೆ ಮಾತ್ರ ಗೊತ್ತಾಯಿತು. ಒಂದೇ ಕಸುಬಿನವರಿಗೆ ಗೊತ್ತಾಗುತ್ತದೆ. ಆತ ತೊಟ್ಟದ್ದು ಅರ್ಥವಾದವನ ವೇಷ. ಎಷ್ಟೋ ವರ್ಷ ತಹಶೀಲ್ದಾರನಾಗಿ, ಮೇಷ್ಟರಾಗಿ, ವಕೀಲನಾಗಿ ಏನೂ ಓದದೆ ಎಲ್ಲ ಓದಿದವನಂತೆ ಕೂತವನಿಗೆ ಹನ್ನೆರಡು ಪುಟ ಯಾವ ಲೆಕ್ಕ? ಅಷ್ಟರಲ್ಲಿ ಆತನ ಕಿವಿಗೆ ಬಿದ್ದದ್ದು ಎರಡೇ ಮಾತು. ರೋಗಾಣು. ಅಪಾಯ. ಆ ಎರಡೇ ಆತನಿಗೆ ಬೇಕಾಗಿತ್ತು. ಸಿಸ್ಟರ್ ಹೆಬ್ಬೆಟ್ಟು ಒತ್ತಿಸುವ ಮಸಿ ತರಲು ಹೊರಗೆ ಹೋದಾಗ ಜಂಬಣ್ಣ ಎದ್ದು ಫ್ರಿಜ್ಜಿನ ಹತ್ತಿರ ಬಂದು ಗಾಜಿಗೆ ಹಣೆ ಹಚ್ಚಿದ.

“ನೀವ ಏನ್ರಪ್ಪಾ ನಮ್ಮ ದುರುಗ್ಯಾನ್ನ ಒಯ್ದವರು?” ಎಂದ ಮೆಲ್ಲಗೆ. “ಬೇಸಿ ಆತು. ನನ್ನನ್ನೂ ಅದ ದಾರ್ಯಾಗ ಕರಕೊಂಡು ಹೋಗ್ರಿ. ಲಗೂನ ಮುಗಸ್ರಿ.”

ಅಯ್ಯೋ ಮಾರಾಯ, ನಾನು ಅವನಲ್ಲ! ಎಂದು ಕೂಗಬೇಕೆನಿಸಿತು. ಪುಡಿಗೆ ಬಾಯಿಲ್ಲ.

ಎರಡು ವಾರ ಅವನ ರಕ್ತ, ಎದೆ, ಸಕ್ಕರೆ ಎಲ್ಲ ನೋಡಿದರು. ಗಟ್ಟಿಮುಟ್ಟಾಗಿದ್ದ. ಸಾಯಲು ಬಂದವನು ಅಷ್ಟು ಆರೋಗ್ಯವಾಗಿರುವುದು ಆತನ ದುರದೃಷ್ಟ. ಚುಚ್ಚುವ ದಿನ ಸಿಸ್ಟರ್ ನಮ್ಮ ಬಾಟಲಿಗೆ ನೀರು ಹನಿಸಿ ಅಲ್ಲಾಡಿಸಿದಳು. ನೀರು ಸೋಕಿದ ಗಳಿಗೆಯಿಂದ ನನ್ನ ಗಡಿಯಾರ ಓಡತೊಡಗಿತು. ಸೂಜಿಯ ಕತ್ತಲ ಕೊಳವೆ, ಒಂದು ನೂಕು, ಆಮೇಲೆ ಜಂಬಣ್ಣನ ಎಡತೋಳಿನ ಮಾಂಸ.

ಅಲ್ಲಿಂದ ಮುಂದೆ ಹೊರಗಿನದಕ್ಕೆ ನನಗೆ ಕಣ್ಣಿಲ್ಲ, ಕಿವಿ ಮಾತ್ರ; ಉಳಿದದ್ದನ್ನು ಸದ್ದಿನಿಂದಲೇ ಊಹಿಸಿಕೊಂಡೆ. ಗುಡಾಣದೊಳಗೆ ಕೂತು ಹೊರಗಿನ ಮಾತು ಕೇಳಿದಂತೆ ಎಲ್ಲವೂ ಗುಂಯ್ ಎನ್ನುತ್ತಿತ್ತು. ಆ ಮಾಂಸದ ಓಣಿಯಲ್ಲಿ ಒಬ್ಬ ಕಾವಲುಗಾರ ಇದ್ದ. ಮರದ ಕೊಂಬೆಗಳ ಹಾಗೆ ಎಲ್ಲ ದಿಕ್ಕಿಗೂ ಕೈಚಾಚಿದ ಕೋಶ. ಮೇಡಂ ಹೇಳಿದ್ದು ನಿಜ. ಆ ಕೈಗಳು ಜೋತುಬಿದ್ದಿದ್ದವು. ನನ್ನ ಅಣ್ಣತಮ್ಮಂದಿರು ಅವನನ್ನು ಹಾದು ಹೋದರೂ ಅವನಿಗೆ ಲಕ್ಷ್ಯವಿಲ್ಲ. ಹೆಂಡತಿ ಸತ್ತವನ ಮನೆಯ ಬಾಗಿಲಿನ ಹಾಗೆ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ.

ನಾನು ಹೋಗಿ ಅವನ ಕೈಗೆ ತಾಗಿದೆ. ಬೆರಳಾಡಿಸಿದ. ಅಂಗಿ ನೋಡಿದ. ಅನುಮಾನ ಬಂತೋ ಇಲ್ಲವೋ, ಹಳೇ ಅಭ್ಯಾಸದಂತೆ ನನ್ನನ್ನು ಬಾಚಿ ನುಂಗಿದ. ಒಳಗೊಂದು ಹುಳಿ ಚೀಲ, ನನ್ನಂಥ ಹುಳಿಮಣಿಗೆ ತವರಿನಂಥದ್ದು. ಅಲ್ಲಿ ನನ್ನ ಕೊಂಡಿಗಳು ಒಂದೊಂದಾಗಿ ಸಡಿಲವಾದವು, ಹೊಟ್ಟೆಯ ಗಂಟೆ ಹೊರಗೆ ಬಿತ್ತು, ಬಾರಿಸಿತು.

ಆಗ ನೋಡಿ! ಕಾವಲುಗಾರ ಮಲಗಿದ್ದಲ್ಲಿಂದ ದಡಬಡಿಸಿ ಎದ್ದ. ಮೈತುಂಬ ಮುಳ್ಳು ನಿಂತವು. ನನ್ನ ಅಂಗಿಯ ಚೂರೊಂದನ್ನು ಬಾವುಟದಂತೆ ಎತ್ತಿ ಹಿಡಿದು, ಕಂಕುಳಿನ ಗಂಟಿನ ಕಡೆಗೆ ಹೊರಟ. ಕಂಕುಳಿನ ಗಂಟೆಂದರೆ ಕಾವಲು ಪಡೆಯ ಠಾಣೆ. ಅಲ್ಲಿ ತೂಕಡಿಸುತ್ತಿದ್ದವರ ಮುಂದೆಲ್ಲ ಆ ಚೂರನ್ನು ಆಡಿಸಿ ತೋರಿಸಿದ. ಒಬ್ಬನಿಗೆ ಗುರುತು ಹತ್ತಿತು. ಅವನು ಇಬ್ಬರಾದ, ಇಬ್ಬರು ನಾಲ್ವರಾದರು, ನಾಲ್ವರು ಎಂಟಾದರು. ಒಲೆ ಹಚ್ಚಿದಂತೆ ಮೈ ಕಾಯತೊಡಗಿತು.

ಮರುದಿನ ಹಗಲು ಹನ್ನೆರಡಕ್ಕೆ ಜಂಬಣ್ಣನಿಗೆ ಚಳಿ ಬಂತು. ಬಳ್ಳಾರಿಯ ಏಪ್ರಿಲ್, ತಗಡಿನ ಮಾಡು, ಮೇಲೆ ಎರಡು ಕೌದಿ. ಆ ಹಲ್ಲು ಕಟಕಟ ನನಗೆ ಒಳಗೆ ಕೇಳುತ್ತಿತ್ತು. ಆ ಜ್ವರ ನಮ್ಮದೇ ಕೈಕೆಲಸ. ಅದು ಗೆಲುವಿನ ಜ್ವರ ಎಂದು ನಮಗೆ ಗೊತ್ತು, ಆತನಿಗೆ ಗೊತ್ತಿಲ್ಲ. ಆತ ಹೆದರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ದಿಲ್‌ಶಾದ್ ಸಿಸ್ಟರ್ ಫೋನ್ ಮಾಡಿದಳು. ಚುಚ್ಚಿಸಿಕೊಂಡ ಎಲ್ಲರಿಗೂ ಏಳು ದಿನ ಅವಳು ಫೋನ್ ಮಾಡಿ ಜ್ವರ ಕೇಳಿ ಬರೆದುಕೊಳ್ಳಬೇಕು.

“ಹೆಂಗದೀರಿ ಕಾಕಾ? ಜ್ವರ ಗಿರ ಏನರ?”

ಜಂಬಣ್ಣ ಒಂದು ಗಳಿಗೆ ಹಲ್ಲು ಬಿಗಿಹಿಡಿದ. ಆಮೇಲೆ ಆ ನಡುಗುವ ಎದೆಯಿಂದ ಮೂವತ್ತರ ಹರೆಯದವನ ದನಿ ಬಂತು. “ಏನೂ ಇಲ್ಲ ತಾಯಿ! ಈಗರ ಉಂಡು ಕೈ ತೊಳಕೊಂಡೆ. ಕಲ್ಲಿನಂಗ ಅದೀನಿ.”

“ಹೌದೇನ್ರಿ? ಉಳಿದವರೆಲ್ಲ ಹಾಸಿಗಿ ಹಿಡದಾರ. ನೀವು ಭಾರಿ ಬಿಡ್ರಿ!”

ಅವಳು ಕಾಗದದಲ್ಲಿ ‘ಜ್ವರ ಇಲ್ಲ’ ಎಂದು ಬರೆದಳು. ಜ್ವರವೆಂದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಉಳಿಸಿಬಿಡುತ್ತಾರೆ ಎಂಬ ಭಯ ಆತನಿಗೆ.

ಫೋನಿಟ್ಟ ಮೇಲೆ ಆತ ತೆವಳಿಕೊಂಡು ಹೋಗಿ ಬಣ್ಣದ ಪೆಟ್ಟಿಗೆ ತೆಗೆದ. ಸೈಕಲ್ ಟ್ಯೂಬಿನಿಂದ ಮಾಡಿದ ಸ್ಟೆತಸ್ಕೋಪು, ಅಂಟಿಸುವ ಮೀಸೆ, ದುರುಗಪ್ಪನ ಚೌರಿ, ಬಳೆ. ಚೌರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರೊಂದಿಗೆ ಮಾತಾಡಿದ. ಎದೆಗೂಡಿನಲ್ಲಿ ಆ ಮಾತು ಸುತ್ತಿ ಸುತ್ತಿ ನನಗೆ ಬಂತು.

“ದುರುಗ್ಯಾ, ಅವತ್ತು ನಿನ್ನ ನಗಸಬೇಕು ಅಂತ ಡಾಕ್ಟರ್ ವೇಷ ಹಾಕ್ಕೊಂಡು ವಾರ್ಡಿಗೆ ಬಂದೆ. ಬಿಳಿ ಕೋಟು, ಈ ಮೀಸಿ, ಈ ಟ್ಯೂಬು. ನರ್ಸಮ್ಮಗಳು ಸೈತ ಎದ್ದು ನಿಂತ್ರು. ನೀ ಕಣ್ಣು ತೆರದು ನನ್ನ ನೋಡಿದಿ. ಕೈ ಮುಗದಿ. ‘ನಮ್ಮವಗ ಹೇಳಬ್ಯಾಡ್ರಿ ಡಾಕ್ಟ್ರಪ್ಪಾ. ಪಾಪ, ಅಂವ ತಡಕಳ್ಳಂಗಿಲ್ಲ’ ಅಂದಿ. ನಲವತ್ತು ವರ್ಷದಾಗ ನನ್ನ ಯಾವ ವೇಷಾನೂ ನಿನಗ ಮುಚ್ಚಿದ್ದಿಲ್ಲ. ಅವತ್ತು ಗುರುತು ಸಿಗಲಿಲ್ಲ ನಿನಗ. ಡಾಕ್ಟರ್ ಅಂತ ತಿಳದು ನನ್ನ ಬಗ್ಗೆ ನನಗ ಹೇಳಿದಿ. ನಾ ಮೀಸಿ ಕಿತ್ತು ‘ನಾನೋ ಮಾರಾಯ’ ಅನ್ನಲಿಲ್ಲ. ಬಾಯಿ ಬರಲಿಲ್ಲ. ತಿರುಗಿ ಹೊರಗ ಹೋದೆ. ಮೀಸಿ ತಗದು ಮುಖಾ ತೊಳಕೊಂಡು ಬರೂದ್ರಾಗ ನೀ ಹೋಗಿಬಿಟ್ಟಿದ್ದಿ.”

ಹಗಲುವೇಷದವರಲ್ಲಿ ಒಂದು ಪದ್ಧತಿಯಿದೆ. ಒಂದು ಊರಲ್ಲಿ ದಿನಕ್ಕೊಂದು ವೇಷ ಹಾಕಿ ಆಡಿದ ಮೇಲೆ, ಊರು ಬಿಡುವ ದಿನ ಬಣ್ಣವಿಲ್ಲದ ಬರೀ ಮುಖದಲ್ಲಿ ಮನೆಮನೆಗೆ ಹೋಗಿ ‘ಇಷ್ಟು ದಿನ ಬಂದವ ನಾನ’ ಎಂದು ಹೇಳಿ ಹೋಗಬೇಕು. ಇಲ್ಲದಿದ್ದರೆ ಆಟ ಮುಗಿದಂತಲ್ಲ, ಮೋಸ ಮಾಡಿದಂತೆ. ನಲವತ್ತು ವರ್ಷದಲ್ಲಿ ಜಂಬಣ್ಣ ಬರೀ ಮುಖದಲ್ಲಿ ಹೋಗದೆ ಉಳಿದದ್ದು ಒಂದೇ ಕಡೆ. ಅದು ದುರುಗಪ್ಪನ ಹಾಸಿಗೆ.

“ಈ ಸಲ ಬಣ್ಣಿಲ್ಲದ ಬರ್ತೀನಿ,” ಎಂದ ಚೌರಿಗೆ. ಕೊಡದ ನೀರಲ್ಲಿ ಮುಖ ಉಜ್ಜಿ ತೊಳೆದ. ಬಿಳಿ ಧೋತ್ರ ಉಟ್ಟು, ಗೋಡೆಗೊರಗಿ, ಹಗಲ ಬೆಳಕಿನಲ್ಲಿ ಬಾಗಿಲು ತೆರೆದಿಟ್ಟು ಕಾದು ಕೂತ.

ನನ್ನ ಬಾಳಿನಲ್ಲಿ ಅದಕ್ಕಿಂತ ಕೆಟ್ಟ ಮಧ್ಯಾಹ್ನ ಇರಲಿಲ್ಲ. ಅವನೊಳಗೆ ಕಾವಲು ಪಡೆ ಹಬ್ಬ ಮಾಡುತ್ತಿತ್ತು. ಎಂಟಿದ್ದವರು ಸಾವಿರವಾಗಿ, ಅಂಗಿಯ ಗುರುತು ಹಿಡಿದು ಹೊಡೆಯುವ ಆಯುಧಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ಬದುಕುವ ತಯಾರಿ ಅಷ್ಟು ಸಂಭ್ರಮದಿಂದ ನಡೆಯುತ್ತಿದ್ದ ಮೈಯ ಒಡೆಯ ಸಾವಿಗೆ ಚಾಪೆ ಹಾಸಿ ಕೂತಿದ್ದ. ನನ್ನ ವೇಷ ನಂಬಿ ಕಾವಲುಗಾರರು ಎದ್ದರು. ಅದೇ ವೇಷ ನಂಬಿ ಈತ ಕೂತ. ಒಂದು ಸುಳ್ಳಿಗೆ ಎರಡು ಫಲ.

ಸಂಜೆಗೆ ಬೆವರು ಬಿಟ್ಟು ಜ್ವರ ಇಳಿಯಿತು. ಜಂಬಣ್ಣ ಕತ್ತಲಾಗುವವರೆಗೂ ಕೂತಿದ್ದ. ಆಮೇಲೆ ಹಸಿವಾಯಿತು. ಹಸಿವಾದದ್ದಕ್ಕೆ ಅತ್ತ. ಅಳುತ್ತಲೇ ಎರಡು ಜೋಳದ ರೊಟ್ಟಿ ತಿಂದ.

ಅಲ್ಲಿಂದ ಐದಾರು ವಾರ ನಾನು ಕರಗುತ್ತ ಬಂದೆ, ಆತ ಬಾಡುತ್ತ ಬಂದ. ಇಪ್ಪತ್ತೆಂಟನೆಯ ದಿನ ಹೋಗಿ ರಕ್ತ ಕೊಟ್ಟು ಬಂದ, ಯಾರೊಂದಿಗೂ ಮಾತಿಲ್ಲ. ಆ ರೋಗಾಣುವೂ ತನ್ನನ್ನು ಬೇಡವೆಂದಿತು ಎಂಬ ಅವಮಾನ ಅವನಿಗೆ. ನನ್ನಲ್ಲಿ ಈಗ ಉಳಿದದ್ದು ಒಂದು ಚೂರು. ಅಣ್ಣತಮ್ಮಂದಿರು ಆಗಲೇ ಹುಳಿಯಾಗಿ, ರಕ್ತಕ್ಕೆ ಸೇರಿ, ಸಕ್ಕರೆಯ ಹಾಗೆ ಉರಿದು, ಉಸಿರಾಗಿ ಹೊರಟುಹೋಗಿದ್ದರು. ಜಂಬಣ್ಣ ಬಿಟ್ಟ ಒಂದೊಂದು ನಿಟ್ಟುಸಿರಿನಲ್ಲೂ ನಮ್ಮವರು ಯಾರೋ ಇರುತ್ತಿದ್ದರು.

ನಲವತ್ತೆರಡನೆಯ ದಿನ ಆಸ್ಪತ್ರೆಗೆ ಕರೆಸಿದರು. ಅದೇ ಮೂಲೆಕೋಣೆ. ಮೇಡಂ ಮೈಸೂರಿನಿಂದ ಬಂದಿದ್ದರು. ದನಿ ಕೇಳಿಯೇ ನನಗೆ ಗೊತ್ತಾಯಿತು, ಹುಟ್ಟಿಸಿದವರ ದನಿ.

“ಜಂಬಣ್ಣನೋರೆ, ಇಪ್ಪತ್ತನಾಲ್ಕು ಜನರಲ್ಲಿ ನಿಮ್ಮ ರಕ್ತದಲ್ಲೇ ಎಲ್ಲರಿಗಿಂತ ಜಾಸ್ತಿ ರಕ್ಷಣೆ ಹುಟ್ಟಿದೆ. ಆದ್ರೆ ಜ್ವರ ಒಂದು ದಿನಾನೂ ಬಂದಿಲ್ಲ ಅಂತ ಬರೆದಿದೆ. ಅದು ಹೇಗೆ? ನಿಜ ಹೇಳಿ. ನಿಮ್ಮೊಬ್ಬರ ಲೆಕ್ಕ ತಪ್ಪಿದ್ರೆ ಮುಂದೆ ಸಾವಿರ ಜನ ಮುದುಕರಿಗೆ ನಾನು ತಪ್ಪು ಹೇಳ್ಬೇಕಾಗುತ್ತೆ.”

ಆತನ ಎದೆ ಧಡ್ ಧಡ್ ಎನ್ನುತ್ತಿತ್ತು.

“ಬಂದಿತ್ರಿ,” ಎಂದ. “ಸುಳ್ಳು ಹೇಳಿದೆ.”

“ಅಯ್ಯ, ಯಾಕ್ರಿ ಕಾಕಾ!” ಎಂದಳು ದಿಲ್‌ಶಾದ್.

“ಸಾಯಾಕ ಬಂದಿದ್ದೆ ತಾಯಿ. ನೀವು ರೋಗ ಚುಚ್ಚತೀರಿ ಅಂತ ಕೇಳಿ ಬಂದಿದ್ದೆ. ಜ್ವರ ಬಂದಾಗ ಕೆಲಸ ಆತು ಅನ್ಕೊಂಡೆ.”

ಕುರ್ಚಿ ಎಳೆದ ಸದ್ದು. ಮೇಡಂ ಎದುರಿಗೆ ಬಂದು ಕೂತಿರಬೇಕು. ಹನ್ನೆರಡು ಪುಟ ಬಿಟ್ಟು ಹನ್ನೆರಡು ಮಾತಿನಲ್ಲಿ ಹೇಳಿದರು. “ರೋಗ ಅಲ್ಲಪ್ಪಾ ಅದು. ರೋಗದ ಅಂಗಿ. ಒಳಗಡೆ ಮೊಸರಿನ ಹುಳಿ ಅಷ್ಟೇ. ನಿಮ್ಮ ಮೈಯಲ್ಲಿ ಮಲಗಿದ್ದವರನ್ನ ಎಬ್ಬಿಸೋಕೆ ಅದಕ್ಕೆ ವೇಷ ಹಾಕಿ ಕಳಿಸಿದ್ದು ನಾನು.”

“ವೇಷ?”

“ವೇಷ.”

“ಅಂದ್ರ,” ಎಂದ ಜಂಬಣ್ಣ, “ನಾ ಮುಖಾ ತೊಳಕೊಂಡು, ಧೋತ್ರ ಉಟ್ಟು, ಬಾಗಲಾ ತೆಗದು ಕುಂತಿದ್ದು... ಮೊಸರಿಗೇನ್ರಿ?”

ದಿಲ್‌ಶಾದ್ ಬಾಯಿ ಮುಚ್ಚಿಕೊಂಡಿರಬೇಕು. ಬೆರಳ ಸಂದಿಯಿಂದ ನಗು ಸೋರಿತು. ಜಂಬಣ್ಣನಿಗೆ ನಾಚಿಕೆಯಾಯಿತು. ನಲವತ್ತು ವರ್ಷ ಊರನ್ನೇ ಯಾಮಾರಿಸಿದವನು.

“ಯಾರಿಗೂ ಹೇಳಬ್ಯಾಡ್ರಿ ಡಾಕ್ಟ್ರವ್ವಾ,” ಎಂದು ಕೈ ಮುಗಿದ. “ವೇಷಗಾರರ ಮನಿ ಮರ್ಯಾದಿ ಪ್ರಶ್ನೆ.”

ಅಷ್ಟೇ ಸಾಕಾಯಿತು ದಿಲ್‌ಶಾದ್‌ಗೆ. ದುಪಟ್ಟಾ ತಲೆಗೆ ಎಳೆದುಕೊಂಡಳೇನೋ, ಬಳೆ ಸದ್ದಾಯಿತು. ಕೀರಲು ಹೆಣ್ಣುದನಿಯಲ್ಲಿ, ರಾಗ ಎಳೆದು, “ನಮ್ಮವಗ ಹೇಳಬ್ಯಾಡ್ರೀ ಡಾಕ್ಟ್ರಪ್ಪಾ! ಪಾಪ, ಅಂವ ತಡಕಳ್ಳಂಗಿಲ್ಲ!” ಎಂದಳು.

ಜಂಬಣ್ಣನ ಎದೆ ಒಂದು ಬಡಿತ ತಪ್ಪಿಸಿತು. ನಾನು ಅಲ್ಲೇ ಇದ್ದೆ, ನನಗೆ ಗೊತ್ತು.

“ಏನಂದಿ?”

“ನಿಮ್ಮ ಡಾಕ್ಟರ್ ಆಟದಾಗಿನ ಮಾತಲ್ರಿ ಕಾಕಾ. ಹೆಂಡ್ತಿ ಹಿಂಗ ಅನ್ನತಿದ್ಲಲ್ಲ. ನಮ್ಮ ನಾನಿ ಸಾಯೂತನಕ ಇದ ಮಾತು ಹೇಳಿ ನಗತಿದ್ದಳು. ತಪ್ಪಾತೇನ್ರಿ?”

ಜಂಬಣ್ಣ ನಿಧಾನಕ್ಕೆ, ತನಗೆ ತಾನೇ ಹೇಳಿಕೊಂಡಂತೆ ಶುರು ಮಾಡಿದ. “ಆ ಆಟದಾಗ ಗಂಡಗ ಅನುಮಾನ ಇರತೈತ್ರಿ, ಹೆಂಡ್ತಿ ಖರೇನ ಜಡ್ಡು ಬಿದ್ದಾಳೋ, ಸುಳ್ಳೋ ಅಂತ. ಡಾಕ್ಟರ್ ವೇಷ ಹಾಕ್ಕೊಂಡು ನೋಡಾಕ ಬರ್ತಾನ. ಹೆಂಡ್ತಿಗೆ ಮೊದಲಿಂದ ಗೊತ್ತು, ಬಂದಾವ ತನ್ನ ಗಂಡನ ಅಂತ. ಗೊತ್ತಿದ್ದೂ ಆ ಮಾತು ಅಂತಾಳ, ಅವನ್ನ ಕಾಡಸಾಕ. ನೂರಲ್ಲ, ಸಾವಿರ ಸಲ ಕೇಳೀನಿ ಆ ಮಾತು. ಆದರ ದುರುಗ್ಯಾ ಪ್ರತಿ ಸಲ ಹೆಣ್ಣದನಿ ಮಾಡಿ ಅಂತಿದ್ದ. ಅವತ್ತು ನಾ ಡಾಕ್ಟರ್ ವೇಷದಾಗ ವಾರ್ಡಿಗೆ ಹೋದಾಗ ಉಸಿರಿದ್ದಿಲ್ಲ ಅವಗ. ತನ್ನ ಸ್ವಂತ ದನ್ಯಾಗ ಅಂದ. ನಾ ಖರೇ ಅಂತ ತಿಳಕೊಂಡೆ.”

ಫಟ್ಟೆಂದು ತೊಡೆ ತಟ್ಟಿಕೊಂಡ.

“ಗುರುತು ಹಿಡದಿದ್ದ!” ಎಂದ ಜಂಬಣ್ಣ. “ಬಾಗಲದಾಗ ಬಂದಾಗ ಹಿಡದಿದ್ದ. ಹಿಡದು, ಸಾಯಾಕ ಬಿದ್ದಾವ, ಆಟ ಶುರು ಮಾಡ್ಯಾನ! ಮುಂದಿನ ಮಾತು ನನ್ನದಿತ್ತು. ನಾ ಬಿಟ್ಟು ಓಡಿದೆ.”

“ಮುಂದಿನ ಮಾತು ಏನು?” ಎಂದು ಕೇಳಿದರು ಮೇಡಂ. ಅವರ ದನಿ ಒದ್ದೆಯಾಗಿತ್ತು.

ಜಂಬಣ್ಣ ಎದ್ದು ನಿಂತ. ಬೆನ್ನು ನೆಟ್ಟಗಾಯಿತು. ಹದಿಮೂರು ತಿಂಗಳು ಕೂತಲ್ಲೇ ಕೂತಿದ್ದ ಆ ಎದೆ ಗಾಳಿ ಎಳೆದುಕೊಂಡಿತು, ತಳದ ತನಕ. ನನ್ನ ಕೊನೆಯ ಚೂರು ಆ ಹೊತ್ತಿಗೆ ಉರಿದು ಮುಗಿದು, ರಕ್ತದ ಜತೆ ಅವನ ಪುಪ್ಪುಸದ ಬಾಗಿಲಿಗೆ ಬಂದು ನಿಂತಿತ್ತು. ಮೀಸೆಯಿಲ್ಲ, ಕೋಟಿಲ್ಲ, ಬಣ್ಣವಿಲ್ಲ. ಬರೀ ಮುಖದಲ್ಲೇ ಜಂಬಣ್ಣ ಡಾಕ್ಟರಾದ. ಗತ್ತಿನ ದನಿ ತೆಗೆದು, ಯಾರೂ ಇಲ್ಲದ ಪರೀಕ್ಷೆಯ ಮಂಚದ ಕಡೆ ತಿರುಗಿ ಕೂಗಿದ:

“ಹೇಳಾಕ ಎಲ್ಲೈತಿ ತಾಯಿ, ನಿನ್ನ ಗಂಡ ಆಗಲೇ ಬಾಗಲ ಹಿಂದ ಮೂರ್ಛಿ ಬಿದ್ದಾನ!”

ಹೇಳಿ ನಕ್ಕ. ಮೊದಲು ಕೆಮ್ಮಿನ ಹಾಗೆ, ಆಮೇಲೆ ಅಳುವಿನ ಹಾಗೆ, ಆಮೇಲೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಆ ನಗುವಿನ ಮೊದಲ ಅಲೆಯಲ್ಲೇ ನಾನು ಹೊರಬಿದ್ದೆ. ಈಗ ನಾನು ಬರೀ ಗಾಳಿ, ಮೈಮೇಲೆ ಯಾರ ಅಂಗಿಯೂ ಇಲ್ಲ. ತಿರುಗಿ ಒಮ್ಮೆ ಆತನ ಮುಖ ನೋಡಿದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಗುತ್ತಿದ್ದರು, ದಿಲ್‌ಶಾದ್ ಗೋಡೆ ಹಿಡಿದು ನಗುತ್ತಿದ್ದಳು. ಅವರಿಬ್ಬರ ನಗುವನ್ನೂ ಮುಳುಗಿಸಿ, ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಖಾಲಿ ಮಂಚಕ್ಕೆ ಬೆರಳು ತೋರಿಸಿ “ಮೋಸ ಮಾಡಿದ್ಯಲ್ಲೋ ಮಗನ!” ಎನ್ನುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಜಂಬಣ್ಣ.